ಹೊಸ ಕಲ್ಲಿನ ಮೇಲೆ ನನ್ನ ಹೆಸರು

ಕ್ರಾಕೋವ್,
ನವೆಂಬರ್ 4, 2018

ಪ್ರೀತಿಯ ಗೆನ್ಯಾ,

ಕಾಗದದ ಮೇಲೆ ಕಾಗದ ಹಾಕಿದರೂ ಉತ್ತರ ಬರೆಯದ ನನ್ನನ್ನು ನೀನು ಇಷ್ಟು ಹೊತ್ತಿಗೆ ಬೈದು ಮುಗಿಸಿರುತ್ತೀಯ. ಬೈದದ್ದು ನ್ಯಾಯವೇ. ನಿನ್ನ ಸೊಂಟನೋವು ಹೇಗಿದೆ? ಸಮುದ್ರದ ಗಾಳಿಗೆ ಹೆಚ್ಚಾಗುತ್ತದೆ ಎಂದಿದ್ದೆಯಲ್ಲ. ಉಣ್ಣೆಯ ಪಟ್ಟಿ ಕಟ್ಟಿಕೋ, ಅಲಂಕಾರ ನೋಡಬೇಡ. ನಮ್ಮನ್ನು ಇನ್ನು ಯಾರು ನೋಡುತ್ತಾರೆ!

ಪ್ರತಿ ಕಾಗದದಲ್ಲೂ ನೀನು ಕೇಳುವುದು ಒಂದೇ ಮಾತು: "ಒಂದ್ಸಲವಾದ್ರೂ ಅತ್ತುಬಿಟ್ಟೆಯೇನೇ?" ಇಲ್ಲ ಕಣೇ. ಮಾರ್ಚ್‌ನಲ್ಲಿ ಜೆನೊನ್ ತೀರಿಕೊಂಡಾಗಿನಿಂದ ಒಂದು ಹನಿಯೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಗ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಮೈಯೆಲ್ಲ ಹಾಗಿದೆ. ಗಂಡ ಸತ್ತ ಹೆಂಗಸು ಅಳದೆ ಓಡಾಡಿದರೆ ಜನ ಏನೇನು ಆಡಿಕೊಳ್ಳುತ್ತಾರೆ ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ.

ಕೆಲಸ ಬಿಟ್ಟಿಲ್ಲ. ಈಗಲೂ ಪ್ರವಾಸಿಗರನ್ನು ಕಾಜಿಮಿಯೆಜ್‌ನ ಹಳೆಯ ಯಹೂದಿ ಓಣಿಗಳಲ್ಲಿ ಸುತ್ತಿಸುತ್ತೇನೆ. ಸಿನಗಾಗ್, ಹಳೆಯ ಸ್ಮಶಾನ, ಆಮೇಲೆ ಪಿಟೀಲು ಬಾರಿಸುವ ಊಟದ ಮನೆ. ಎಲ್ಲ ಬಾಯಿಪಾಠ, ನಾಲಿಗೆ ತಾನೇ ಹೇಳಿಕೊಂಡು ಹೋಗುತ್ತದೆ. ಮೊನ್ನೆ ಒಬ್ಬ ಮಹಾರಾಯ, "ಮೇಡಂ, ಈ ಪಿಟೀಲಿನವರು ಯಹೂದಿಗಳೇ ತಾನೆ?" ಎಂದು ಕೇಳಿದ. "ಅಲ್ಲ ಸ್ವಾಮಿ, ಪಕ್ಕದ ಬೀದಿಯ ಕಥೋಲಿಕ ಹುಡುಗ್ರು. ಬಾರಿಸಬೇಕಾದವರನ್ನ ಯುದ್ಧದಲ್ಲಿ ಉಳಿಸಿದ್ರೆ ತಾನೆ?" ಎಂದೆ. ಅವನು ಊಟ ಬಿಟ್ಟ. ನಾನು ಮಾತ್ರ ನನ್ನ ತಟ್ಟೆ ಖಾಲಿ ಮಾಡಿದೆ.

ಜೆನೊನ್‌ನ ಅಕ್ಕ ಚೆಸ್ವಾವಾ ಬೇಸಿಗೆಯಲ್ಲೇ ಶುರು ಮಾಡಿದ್ದಳು. "ಸರ್ವಸಂತರ ಹಬ್ಬಕ್ಕೆ ಊರಿಗೆ ಊರೇ ಸ್ಮಶಾನಕ್ಕೆ ಬರುತ್ತೆ. ನನ್ ತಮ್ಮನ ತಲೆ ಮೇಲೆ ಬರೀ ಮಣ್ಣಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ನೀನು ಸುಮ್ನಿರು ಲುದ್ವಿಕಾ, ಎಲ್ಲ ನಾನ್ ನೋಡ್ಕೋತೀನಿ." ನಾನು ಕೋಲೆಬಸವನ ಹಾಗೆ ತಲೆಯಾಡಿಸಿದೆ. ಜಾಗ ನಿನಗೆ ಗೊತ್ತಿರುವುದೇ, ಬರ್ಚ್ ಮರದ ಪಕ್ಕದ್ದು. ಒಳಗೊಳಗೆ ಒಂದು ಆಸೆಯಿತ್ತು ಗೆನ್ಯಾ: ಕಲ್ಲು ನಿಂತ ಮೇಲೆ, ಅದರ ಮುಂದೆಯಾದರೂ ನನಗೆ ಅಳು ಬರಬಹುದು.

ಹಬ್ಬದ ಹಿಂದಿನ ದಿನ ಇಸ್ರೇಲಿನ ಹೈಫಾದಿಂದ ತಿರ್ಜಾ ಎಂಬ ಮುದುಕಿ ಒಬ್ಬಳೇ ಬಂದಿದ್ದಳು. ತಾಯಿಯಿಂದ ಕಲಿತ ಹಳೆಯ ಕಾಲದ ಪೋಲಿಷ್, ನಮ್ಮ ಅಜ್ಜಿಯರು ಆಡುತ್ತಿದ್ದಂಥದ್ದು. ಹಳೆಯ ಸ್ಮಶಾನದಲ್ಲಿ ಒಡೆದ ಗೋರಿಕಲ್ಲುಗಳ ಚೂರು ಸೇರಿಸಿ ಕಟ್ಟಿದ ಗೋಡೆಯಿದೆಯಲ್ಲ, ಅದರಲ್ಲಿ ತನ್ನ ಮನೆತನದ ಹೆಸರು ಹುಡುಕುತ್ತಿದ್ದಳು. ನಾನು ನನ್ನ ಪಾಠ ತೆಗೆದೆ. ಅವಳು ಕೈ ಅಡ್ಡ ಹಿಡಿದಳು.

"ಅದೆಲ್ಲ ನಮ್ಮಮ್ಮ ಹೇಳಿದಾಳೆ ಕಣಮ್ಮ. ನೀವು ಸುಮ್ನೆ ನನ್ ಜೊತೆ ನಿಂತ್ಕೊಳ್ಳಿ, ಸಾಕು."

ನಿಂತೆ. ಹೆಸರು ಸಿಗಲಿಲ್ಲ. ಕೊನೆಗೆ ದೀಪದ ಕಂಬ ಕೆತ್ತಿದ ಒಂದು ಚೂರಿನ ಮೇಲೆ ಅಂಗೈ ಇಟ್ಟಳು. "ದೀಪ ಇದೆ ಅಂದ್ರೆ ಹೆಂಗಸಿನದು. ಯಾರದೋ ಅಜ್ಜಿ. ಹೋಗ್ಲಿ, ಇವತ್ತಿಗೆ ಇವಳೇ ನಮ್ಮಜ್ಜಿ" ಎಂದು ತಮ್ಮವರ ಪದ್ಧತಿಯಂತೆ ಅದರ ಕೆಳಗೆ ಒಂದು ಹರಳುಕಲ್ಲು ಇಟ್ಟು, ಅಲ್ಲೇ ನಿಂತು ಗಳಗಳ ಅತ್ತಳು. ಯಾರದೋ ಅಜ್ಜಿಗಾಗಿ ಅವಳಿಗೆ ಅಷ್ಟು ಕಣ್ಣೀರು! ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ನಮ್ಮ ಸ್ಮಶಾನಕ್ಕೆ ಹೋದೆ. ಜನವೋ ಜನ, ಸೇವಂತಿಗೆ, ಮೇಣದ ವಾಸನೆ. ಚೆಸ್ವಾವಾ ಆಗಲೇ ಬಂದು ಹೊಸ ಕಲ್ಲನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ಕರಿಯ ಕಲ್ಲು, ಮುಖ ಕಾಣುವಷ್ಟು ನುಣುಪು. ನಾನು ದೀಪ ಹಚ್ಚುವುದು ಬಿಟ್ಟು ಏನು ಮಾಡಿದೆ ಗೊತ್ತಾ? ಕೆಲಸದ ರೂಢಿ ನೋಡು, ದಾರಿಯಿಂದ ಒಂದು ಕಲ್ಲು ಹೆಕ್ಕಿ ಗೋರಿಯ ಮೇಲಿಟ್ಟೆ.

"ಇದೇನೇ ಇದು? ನಾವೇನು ಯಹೂದಿಗಳಾ? ನೋಡಿದವರು ಏನಂದಾರು!" ಎಂದು ಚೆಸ್ವಾವಾ ಅದನ್ನು ಎಡಗೈಯಲ್ಲಿ ತಳ್ಳಿದಳು.

ಕಲ್ಲು ಉರುಳಿದ ಕಡೆ ನೋಡಿದೆ. ಜೆನೊನ್‌ನ ಹೆಸರು, ಅದರ ಕೆಳಗೆ ನನ್ನದು. ಹುಟ್ಟಿದ ವರ್ಷ, ಒಂದು ಗೀಟು, ಆಮೇಲೆ ಖಾಲಿ.

"ಒಟ್ಟಿಗೇ ಕೆತ್ತಿಸ್ಬಿಟ್ಟೆ. ಆಮೇಲೆ ಯಾರಿಗೂ ತಾಪತ್ರಯ ಬೇಡ" ಎಂದಳು. "ಹೆದರ್ಬೇಡ್ವೇ. ನಮ್ಮನೆಯವರ ಕಲ್ಲಿನ ಮೇಲೆ ನನ್ನದೂ ಇದೆ. ಏನಾಗಿದೆ ನಂಗೆ? ಗುಂಡುಕಲ್ಲಿನ ಹಾಗಿದೀನಿ!"

ನಾನು ಅದನ್ನು ಪ್ರವಾಸಿಗರಿಗೆ ಓದಿ ಹೇಳುವ ದನಿಯಲ್ಲೇ ಗಟ್ಟಿಯಾಗಿ ಓದಿದೆ. ಹೆದರಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅಳು ಬರುತ್ತದೇನೋ ಎಂದು ಕಾದೆ, ಕಾಲು ಮರಗಟ್ಟಿತು ಅಷ್ಟೆ. ಮನೆಗೆ ಬಂದು ಎಲೆಕೋಸಿನ ಸಾರು ಬಿಸಿ ಮಾಡಿಕೊಂಡು ಕುಡಿದೆ.

ನಮ್ಮ ಸುದ್ದಿ ಇಷ್ಟೇ. ನಿನ್ನ ಮೊಮ್ಮಕ್ಕಳ ಕೆನ್ನೆಗೆ ನನ್ನ ಮುತ್ತು ತಲುಪಿಸು. ಮಾತೆ ಮರಿಯ ನಿಮ್ಮ ಮನೆಯನ್ನು ಕಾಯಲಿ, ನಿನ್ನ ಸೊಂಟಕ್ಕೆ ಬಲ ಕೊಡಲಿ, ನಿನ್ನ ಚಳಿಗಾಲ ಹಗುರಾಗಿ ಕಳೆಯಲಿ.

ಎಂದಿಗೂ ನಿನ್ನವಳು,
ಲುದ್ವಿಕಾ

ತಾ.ಕ.: ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಗೆನ್ಯಾ, ಹೊಸ ಕಲ್ಲಿನ ಮೇಲೆ ಬಾಸ್ಯಾಳ ಹೆಸರಿಲ್ಲ. ಜೆನೊನ್‌ನನ್ನು ಮಲಗಿಸಿದ್ದು ಮಗಳ ಜಾಗದಲ್ಲೇ ಅಲ್ಲವೆ, ಅವಳ ಪುಟ್ಟ ಕಲ್ಲನ್ನು ಕಿತ್ತು ಇದನ್ನು ಕೂರಿಸಿದ್ದಾರೆ. ಚೆಸ್ವಾವಾಳನ್ನು ಕೇಳಿದರೆ, "ಅಯ್ಯೋ, ಆ ಕೂಸಾ? ಮರೆತೇಬಿಟ್ಟಿದ್ದೆ ಕಣೇ" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವಳಲ್ಲಿ ಕೆಟ್ಟ ಮನಸ್ಸಿಲ್ಲ. ಕಲ್ಲು ಕೆತ್ತುವವನ ಹತ್ತಿರ ಹೋದೆ. "ಹಳೇದಾ ಅಮ್ಮಾ? ಪುಡಿ ಮಾಡಿ ದಾರಿಗೆ ಹಾಕಿಬಿಟ್ವಿ. ಯೋಚ್ನೆ ಮಾಡ್ಬೇಡಿ, ಹೆಸರು ಹೇಳಿ, ಜಾಗ ಇದೆ, ಕೆತ್ತಿಕೊಡ್ತೀನಿ" ಎಂದ. ಹೆಸರು ಹೇಳಿದೆ. ಹೆಸರು ಬಿಟ್ಟರೆ ನನ್ನ ಹತ್ತಿರ ಅವಳದೇನೂ ಇಲ್ಲ ಎಂದು ಆಗ ಹೊಳೆಯಿತು. ಅವಳು ಹುಟ್ಟಿ ತೀರಿಕೊಂಡ ದಿನ ನಾನು ಮತ್ತಿನ ಔಷಧಿಯಲ್ಲಿ ಮಲಗಿದ್ದೆ, ಎಚ್ಚರವಾಗುವಷ್ಟರಲ್ಲಿ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದರು. ಜೆನೊನ್ ನೋಡಿದ್ದ. ಬದುಕಿಡೀ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಪಾದ್ರಿ ಬರುವಷ್ಟು ಹೊತ್ತು ಮಗು ಉಳಿಯುವುದಿಲ್ಲವೆಂದು ದಾದಿಯಾಗಿದ್ದ ನೀನೇ ತಲೆಗೆ ದೀಕ್ಷಾಸ್ನಾನದ ನೀರು ಹಾಕಿ ಹೆಸರಿಟ್ಟೆ. ಅವಳನ್ನು ಕಂಡವರಲ್ಲಿ ಈಗ ಉಳಿದಿರುವವಳು ನೀನೊಬ್ಬಳೇ. ನೀರು ಹಾಕುವಾಗ ಅವಳ ತಲೆಯಲ್ಲಿ ಕೂದಲಿತ್ತೇನೇ ಗೆನ್ಯಾ?