ದಾವೂದ್ ಸಾಹೇಬರ ರೈಲು

ರಾಮಗಿರಿ
15 ಸೆಪ್ಟೆಂಬರ್ 2025

ನೇತ್ರಾವತಿಗೆ ದುರ್ಗೇಶ ಬರೆಯುವುದು.

ನಾನು ಕ್ಷೇಮ. ನೀನು, ಅನುಷಾ, ಅತ್ತೆ ಹಿರಿಯೂರಿನಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನು ಇರುವಾಗ ಈ ಕಾಗದ ಯಾಕೆ ಅನ್ನಿಸಬಹುದು. ಫೋನಿನಲ್ಲಿ ಎರಡು ಸಲ ಹೇಳಲು ಹೊರಟು, ಎರಡು ಸಲವೂ ಬೇರೇನೋ ಮಾತಾಡಿ ಇಟ್ಟುಬಿಟ್ಟೆ.

ದಸರಾ ರಜೆಯಲ್ಲಿ ನಾಲ್ಕು ದಿನ ಮಗಳನ್ನು ನನ್ನ ಹತ್ತಿರ ಕಳಿಸಲು ನೀನು ಒಪ್ಪಿದೆಯಲ್ಲ, ಮರುದಿನವೇ ದುರ್ಗಕ್ಕೆ ಹೋಗಿ ಅವಳಿಗೊಂದು ಮಾದರಿ ರೈಲು ತಂದೆ. ಅಂಗಡಿಯದಲ್ಲ. ಗಡಿಯಾರ ರಿಪೇರಿಯ ದಾವೂದ್ ಸಾಹೇಬರು ಹವ್ಯಾಸಕ್ಕೆಂದು ಜೋಡಿಸಿಟ್ಟಿದ್ದು. ಒಂದು ಎಂಜಿನ್, ಐದು ಬೋಗಿ, ಸುತ್ತು ಹಳಿ. ಅವರು ತೀರಿಕೊಂಡ ಮೇಲೆ ಮಗ ಕೈಸರ್ ಮಾರಿದರು. ಕಿಟಕಿಯ ಸರಳುಗಳನ್ನೂ ಎಣಿಸಬಹುದಾದಷ್ಟು ನಾಜೂಕು ಕೆಲಸ. ಆದರೆ ಪೆಟ್ಟಿಗೆ ಬಿಚ್ಚಿದರೆ ಗಬ್ಬೆಂದು ಹಳೇ ಸಿಗರೇಟಿನ ವಾಸನೆ. ಸಾಹೇಬರು ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಕೆಲಸಕ್ಕೆ ಕೂರುತ್ತಿದ್ದರಂತೆ. ಅನುಷಾಳ ಉಬ್ಬಸಕ್ಕೆ ಇದು ಆಗಿಬರುವುದಿಲ್ಲ ಎಂದು ಶುಚಿ ಮಾಡತೊಡಗಿದೆ.

ರಟ್ಟಿಗೆ ಹಿಡಿದ ವಾಸನೆ ಬಿಡುವುದಿಲ್ಲ, ಹಾಗಾಗಿ ಪೆಟ್ಟಿಗೆಗಳನ್ನು ಎಸೆದೆ. ಬೋಗಿಗಳ ಮೈಯನ್ನು ಚಕ್ರದಿಂದ ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆ. ನೀರು ಟೀ ಬಣ್ಣಕ್ಕೆ ತಿರುಗಿತು. ಹಳದಿ ಎಂದುಕೊಂಡಿದ್ದ ಪಟ್ಟಿ ನೋಡಿದರೆ ಬಿಳಿ. ಎಂಜಿನ್ನಿನಲ್ಲಿ ಮೋಟಾರು ಇದೆ, ನೀರು ಸೋಕುವಂತಿಲ್ಲ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಅದೇ ಹತ್ತಿಯಿಂದ ಒಂದು ಬೋಗಿ ಒರೆಸಲು ಹೋಗಿ ಅದರ ನಂಬರು ಅಳಿಸಿಹೋಯಿತು. ಎಲ್ಲವನ್ನೂ ನೆರಳಿನಲ್ಲಿ ಒಣಗಿಸಿ ಮುಚ್ಚಳದ ಬಕೆಟ್ಟಿಗೆ ಹಾಕಿ, ಜೊತೆಗೆ ಒಂದು ಬಟ್ಟಲು ಅಡುಗೆ ಸೋಡಾ, ಒಂದು ಬಟ್ಟಲು ಇದ್ದಿಲು ಇಟ್ಟು, ನಮ್ಮ ರೈಲ್ವೆ ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಒಂದು ವಾರ ಬಿಟ್ಟೆ. ತೆಗೆದಾಗ ಟಿಕೆಟ್ ಕೌಂಟರಿನ ದೇವಿಕಾ ಮೇಡಂಗೆ ಕೊಟ್ಟೆ. ಮೂಸಿ ನೋಡಿ, ಏನೂ ಇಲ್ಲ ಅಂದರು.

ಖುಷಿಯಿಂದ ಮನೆಗೆ ತಂದು ಗೂಡಿನಲ್ಲಿ ಜೋಡಿಸಿದೆ. ಹತ್ತು ದಿನ ಬಿಟ್ಟು, ಅಳಿಸಿದ ನಂಬರು ಬರೆಸಲೆಂದು ಆ ಬೋಗಿಯನ್ನು ಅಕ್ಷರ ಚೆಂದವಿರುವ ಮೇಡಂ ಹತ್ತಿರ ಒಯ್ದರೆ, ‘ಮತ್ತೆ ಬಂದೈತಲ್ರಿ ವಾಸನೆ!’ ಅಂದುಬಿಟ್ಟರು.

ಕೈಸರ್‌ಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದೆ. ಎಂಥ ಸಾಮಾನು ತಲೆಗೆ ಕಟ್ಟಿದ್ದೀಯ, ಉಬ್ಬಸದ ಮಗು ಆಡುವುದು ಎಂದೆ. ನಿನ್ನೆ ಭಾನುವಾರ ಅವರು ಮನೆಗೇ ಬಂದರು. ಬೋಗಿ ಮೂಸಿದರು, ಗೂಡಿನ ಪರದೆ ಮೂಸಿದರು, ಮೊಳೆಗೆ ನೇತುಹಾಕಿದ್ದ ನನ್ನ ಅಂಗಿಯನ್ನೂ ಮೂಸಿದರು.

‘ಅಬ್ಬಾ ಸೇದ್ತಿದ್ದದ್ದು ನಿಜ, ದುರ್ಗೇಶಣ್ಣ. ಆದ್ರೆ ಇದು ಹಳೇದಲ್ಲ. ಈ ಮನೇದು,’ ಅಂದರು.

‘ನಾನು ಹೊರಗೆ ಹೋಗಿ ಸೇದ್ತೀನಪ್ಪ. ಒಳಗೆ ಒಂದು ದಿನಾನೂ ಹಚ್ಚಿಲ್ಲ,’ ಅಂದೆ.

‘ಸೇದಿದ ಅಂಗಿ ಒಳಗೇ ಬರ್ತೈತಲ್ಲಣ್ಣ,’ ಅಂದರು. ಬೈದದ್ದಕ್ಕೆ ಕ್ಷಮೆ ಕೇಳಿದೆ. ಟೀ ಕುಡಿದು ಹೋದರು.

ನೇತ್ರಾ, ಈಗ ನಿನಗೆ ಗೊತ್ತಾಗಿರುತ್ತದೆ. ಯುಗಾದಿಗೆ ಬಿಟ್ಟೆ ಎಂದು ನಿಮ್ಮಣ್ಣ ಮುನಿಯಪ್ಪನವರ ಎದುರು ಮಗಳ ತಲೆ ಮುಟ್ಟಿ ಹೇಳಿದ್ದೆ. ಆ ಮಾತು ನಂಬಿಯೇ ನೀನು ನಾಲ್ಕು ದಿನಕ್ಕೆ ಒಪ್ಪಿದ್ದು. ಹದಿನೈದು ದಿನ ಬಿಟ್ಟಿದ್ದು ನಿಜ. ಆಮೇಲೆ ದಿನಕ್ಕೆ ಎಂಟು, ಒಮ್ಮೊಮ್ಮೆ ಹತ್ತು. ಏಲಕ್ಕಿ ಅಗಿದು ಕೈ ತೊಳೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ನನ್ನ ಮೂಗಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಅನುಷಾಳನ್ನು ಈ ಸಲ ಇಲ್ಲಿಗೆ ಕಳಿಸಬೇಡ. ಅಪ್ಪನಿಗೆ ಡ್ಯೂಟಿ ಬಂತು ಎಂದು ಹೇಳಬೇಡ. ಅಪ್ಪ ಇನ್ನೂ ಸೇದುತ್ತಾನೆ ಎಂದೇ ಹೇಳು. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ರೈಲನ್ನು ಕೈಸರ್ ಒಯ್ದಿದ್ದಾರೆ. ತಾವೇ ತೊಳೆದು, ಮುಂದಿನ ವಾರ ಐಮಂಗಲಕ್ಕೆ ಹೋಗುವಾಗ ಹಿರಿಯೂರಿಗೂ ಬಂದು ಕೊಡುತ್ತಾರೆ. ಹಳಿ ಜೋಡಿಸುವುದನ್ನೂ ಅವರೇ ಹೇಳಿಕೊಡುತ್ತಾರೆ. ನಾನೇ ಹೇಳಿಕೊಡಬೇಕೆಂದು ಬಹಳ ಆಸೆಯಿತ್ತು.

ಗುರುವಾರ ರಜೆ ಹಾಕಿ ಹೊಳಲ್ಕೆರೆ ಆಸ್ಪತ್ರೆಗೆ ಹೋಗುತ್ತೇನೆ. ಚಟ ಬಿಡಿಸಲು ಔಷಧಿ ಇದೆಯಂತೆ. ಬಿಟ್ಟರೆ ಬರೆಯುತ್ತೇನೆ. ಬಿಡಲಾಗದಿದ್ದರೂ ಬರೆಯುತ್ತೇನೆ.

ಇಂತಿ,
ದುರ್ಗೇಶ

ಮೇಲೆ ಬರೆಯಲಾಗದೆ ಉಳಿದದ್ದು: ಹೋದ ವರ್ಷ ಅನುಷಾಳಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದಾಗ ನೀನು ಮಾತ್ರೆ ತರಲು ಕೆಳಗೆ ಹೋಗಿದ್ದೆ. ‘ಮನೇಲಿ ಯಾರಾದ್ರೂ ಸೇದ್ತಾರೇನ್ರಿ?’ ಎಂದು ಡಾಕ್ಟರು ಕೇಳಿದರು. ‘ಯಾರೂ ಇಲ್ರಿ,’ ಅಂದೆ. ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡಿದ್ದ ಅನುಷಾ ನನ್ನನ್ನೇ ನೋಡುತ್ತಿದ್ದಳು. ಅವಳ ಆಸ್ಪತ್ರೆ ಚೀಟಿಯಲ್ಲಿ ಈಗಲೂ ಹಾಗೆಯೇ ಇದೆ. ಮುಂದಿನ ಸಲ ಹೋದಾಗ ಅದನ್ನು ತಿದ್ದಿಸು.