ಚಿಲಕವಿಲ್ಲದ ಮನೆಯಿಂದ ಅಳಿಯನಿಗೆ

ನಿಮ್ಮದೇ ಮನೆ, ನೀವಿಲ್ಲದ್ದು
ಮಾರ್ಚ್ ೯, ಸೋಮವಾರ

ಅಳುವವಳನ್ನು ಬಿಟ್ಟುಹೋದ ಅಳಿಯಂದಿರಿಗೆ,

ಕ್ಷೇಮವೇ? ತಿಂದದ್ದು ಅರಗುತ್ತಿದೆಯೇ? ನಿದ್ದೆಯಂತೂ ಸೊಗಸಾಗಿ ಬರುತ್ತಿರಬೇಕು, ನನ್ನ, ನನ್ನ ಮಗಳ ಪಾಲಿನದ್ದನ್ನೂ ನೀವೇ ಮಾಡುತ್ತಿದ್ದೀರಲ್ಲ. ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಬದುಕೇ ಬೇಡ ಅಂದ ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದ ಮೂರನೇ ದಿನಕ್ಕೆ "ಇವಳ ನಾಟಕ ನೋಡೋಕಾಗಲ್ಲ ಮಾವ" ಅಂತ ಚೀಲ ಹಿಡಿದು ತಾಯಿಮನೆ ಸೇರಿದಿರಿ. ನಲವತ್ತು ವರ್ಷ ಬೀಗ ರಿಪೇರಿ ಮಾಡಿದೆ, ಬೀಗರನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಕಲಿಯಲಿಲ್ಲ. ಮಗ ಬಂದನೆಂದು ನಿಮ್ಮಪ್ಪ ಬೀಗುತ್ತಿದ್ದಾರಂತೆ. ನಿಮ್ಮ ತಾಯಿಯೋ, "ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಹೇಳಿ" ಅಂದರು. ಒಳಗೇ ಕೀಲಿ ಮುರಿದಿರುವ ಬೀಗಕ್ಕೆ ಹೊರಗೆ ನಿಂತು ಬುದ್ಧಿ ಹೇಳಿದರೆ ತೆರೆಯುತ್ತದೆಯೇ?

ಡಾಕ್ಟರು ಹೇಳಿದರು ಅಂತ ಒಳಬಾಗಿಲುಗಳ ಚಿಲಕವನ್ನೆಲ್ಲ ನಾನೇ ಬಿಚ್ಚಿದೆ. ಬಚ್ಚಲಿನದನ್ನೂ ಬಿಡಲಿಲ್ಲ. ಅವಳು ಸ್ನಾನಕ್ಕೆ ಹೋದರೆ ನಾನು ಹೊರಗೆ ಸ್ಟೂಲ್ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಜೋಕು ಹೇಳುತ್ತೇನೆ. ಸಾಲು ಸಾಲಿಗೂ ಅವಳು ಹೂಂ ಅನ್ನಬೇಕು, ಅನ್ನದಿದ್ದರೆ ನಾನು ಒಳಗೆ ನುಗ್ಗುವುದು. ಅದು ನಮ್ಮ ಒಪ್ಪಂದ. ಕಳೆದ ವಾರ ಒಂದು ದಿನ ಹೂಂ ನಿಂತುಹೋಯಿತು. ಕರೆದೆ. ಮತ್ತೆ ಕರೆದೆ. ಕಣ್ಣು ಮುಚ್ಚಿಕೊಂಡು ನುಗ್ಗಿ, ಬಕೆಟ್ ಎಡವಿ ದಬಾರನೆ ಬಿದ್ದೆ. "ಅಪ್ಪಾ, ಆ ಜೋಕು ನಿನ್ನೇನೇ ಹೇಳಿದ್ಯಲ್ಲ. ಎರಡೆರಡು ಸಲ ಹೂಂ ಅನ್ಬೇಕಾ?" ಅಂದಳು, ಪರದೆಯ ಆಚೆಯಿಂದ. ತಿಂಗಳಿಂದ ಅವಳಾಡಿದ ಅತಿ ಉದ್ದದ ಮಾತು ಅದು. ಮಾವನಾದವನು ಅವತ್ತು ಒದ್ದೆ ನೆಲದಲ್ಲಿ ಕೂತು ಅತ್ತೆ.

ಅದನ್ನು ಕೇಳಬೇಕಾಗಿದ್ದ ಕಿವಿ ನಿಮ್ಮದು, ಸ್ವಾಮಿ. ಎಪ್ಪತ್ತಾರರ ಈ ಅರೆಗಿವುಡನದ್ದಲ್ಲ.

ಆಶೀರ್ವಾದದ ಸ್ಟಾಕು ಮುಗಿದಿದೆ. ನಿಮ್ಮ ತಾಯಿಗೆ ನಮಸ್ಕಾರ, ದೂರದಿಂದ.

ಬೇರೆ ದಾರಿಯಿಲ್ಲದೆ ನಿಮ್ಮ,
ಮಾವ

ತಾ.ಕ.: ಶುಕ್ರವಾರ ಹತ್ತೂವರೆಗೆ ಅವಳನ್ನು ಡಾಕ್ಟರಿಗೆ ತೋರಿಸಬೇಕು. ನನ್ನ ಜೊತೆ ಬರುವುದಿಲ್ಲವಂತೆ. "ಅವರು ಬಂದ್ರೆ ಹೋಗ್ತೀನಿ" ಅಂದಳು. ಅವರು ಅಂದರೆ ನೀವು. ಹೊಟ್ಟೆಕಿಚ್ಚಿಗೆ ಮೂರು ದಿನ ನಿಮಗೆ ತಿಳಿಸದೆ ಕೂತಿದ್ದೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದಳು, "ಬರೆದ್ಯಾ ಅಪ್ಪಾ?" ಅಂತ. ಬನ್ನಿ. ನನ್ನ ಹತ್ತಿರ ಮಾತಾಡಬೇಕಾಗಿಲ್ಲ.