ಒಂದು ಹನಿಯೂ ಸೋರಲಿಲ್ಲ

ಅಪ್ಪಾ,

ಸೋರಲಿಲ್ಲ! ಒಮಾಹಾದ ಗುಜರಿಯಿಂದ ನೀನು ಕಾರಿಗೆ ಕಟ್ಟಿ ಎಳೆದು ತಂದ, ರಿಪೇರಿ ಮುಗಿಯುವ ಮೊದಲೇ ಕಣ್ಣು ಮುಚ್ಚಿ ಬಿಟ್ಟುಹೋದ ಆ ಹಳೆಯ ಅಲ್ಯೂಮಿನಿಯಂ ಟ್ರೈಲರ್ ಮನೆ ಇವತ್ತು ಒಂದು ಹನಿಯೂ ಸೋರಲಿಲ್ಲ!

ಚಳಿಗಾಲವೆಲ್ಲ ತಗಡಿನ ಸಡಿಲವಾದ ರಿವೆಟ್ ಮೊಳೆ ಕಿತ್ತು ಹೊಸದು ಹೊಡೆದೆ, ಸಂದುಗಳಿಗೆ ಅಂಟು ತುಂಬಿದೆ. ಹೊರಮೈಯನ್ನು ಎಷ್ಟು ಉಜ್ಜಿದ್ದೇನೆಂದರೆ, ಪಕ್ಕದ ಮನೆಯ ಆರ್ವಿಲ್ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಾನೆ. ಇವತ್ತು ಅವನು ಚಾವಣಿಯ ಮೇಲೆ ಪೈಪಿನಿಂದ ನೀರು ಬಿಡಬೇಕು, ನಾನು ಒಳಗೆ ಕೂತು ಪರೀಕ್ಷಿಸಬೇಕು ಎಂದು ಮಾತಾಗಿತ್ತು. ಅಮ್ಮ ಛತ್ರಿ ಹಿಡಿದೇ ಒಳಗೆ ಬಂದಳು.

"ನಿಮ್ಮಪ್ಪನ ಕೈಲೇ ಆಗ್ಲಿಲ್ಲ, ನಿನ್ ಕೈಲಾಗುತ್ತೇನೇ ವರ್ನಾ? ಈ ತಗಡಿನ ಡಬ್ಬ ಸೋರೋಕೇ ಹುಟ್ಟಿರೋದು."

ನೀರು ಧೋ ಎಂದು ಬಿತ್ತು. ನಿನ್ನನ್ನು ಅಷ್ಟು ಕಾಡಿದ ಹಿಂದಿನ ಕಿಟಕಿಯ ಮೂಲೆಯನ್ನು ಕೈಯಿಂದ ಸವರಿ ನೋಡಿದೆ. ಒಣಗಿಯೇ ಇತ್ತು! ನಾನು ಕುಣಿದ ರಭಸಕ್ಕೆ ಇಡೀ ಟ್ರೈಲರ್ ಅಲ್ಲಾಡಿತು. ಅಮ್ಮ ಛತ್ರಿ ಮಡಿಸಿ ಒಳಗಿಂದಲೇ ಕೂಗಿದಳು: "ಆರ್ವಿಲ್, ನಿಲ್ಲಿಸ್ಬೇಡ ಕಣೋ! ಸದ್ದು ಚೆನ್ನಾಗಿದೆ."

ಆಮೇಲೆ ನನ್ನನ್ನು ಕೇಳಿದಳು, "ನಿಮ್ಮಪ್ಪ ನನ್ನ ಎಲ್ಲಿಗೆ ಕರ್ಕೊಂಡ್ ಹೋಗ್ತೀನಿ ಅಂತಿದ್ರು?"

"ಒರೆಗಾನ್‌ಗೆ, ಸಮುದ್ರ ನೋಡೋಕೆ. ಮುಂದಿನ ಬೇಸಿಗೆಗೆ ನೋಡೋಣ ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?"

ಅವಳು ಮನೆಗೆ ಹೋಗಿ ತನ್ನ ದಿಂಬು, ಹೊದಿಕೆ ತಂದು ಟ್ರೈಲರಿನ ಹಾಸಿಗೆಯ ಮೇಲಿಟ್ಟಳು.

ನಾಳೆ ಬೆಳಿಗ್ಗೆಯೇ ಹೊರಡುತ್ತಿದ್ದೇವೆ, ಅಪ್ಪಾ! ಕಿಟಕಿಯ ಬದಿ ನಿನಗಿಷ್ಟವಂತೆ. ಅಲ್ಲಿ ಮಾತ್ರ ಸಾಮಾನು ಇಡಬೇಡ ಎಂದಿದ್ದಾಳೆ.